ಪುಟಕ್ಕೊಂದು ಹೆಬ್ಬೆಟ್ಟು

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಇದನ್ನು ಮೊದಲ ಸಾಲಿನಲ್ಲೇ ಹೇಳುತ್ತಿರುವುದು ಜಂಬಕ್ಕಲ್ಲ. ಒಂದು ಕಾಲದಲ್ಲಿ ಜಂಬಕ್ಕೇ ಹೇಳುತ್ತಿದ್ದೆ. ಈಗ ಹೇಳುತ್ತಿರುವುದು ಯಾಕೆಂದರೆ, ನಾನು ಮಾಡಿದ ತಪ್ಪಿನ ಬೇರು ಅಲ್ಲಿದೆ.

ಯಾರ ವಿಷಯ ಬರೆಯಲು ಕೂತಿದ್ದೇನೋ ಅವರು ಹೋದ ಆಷಾಢದಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಕಾರ್ಖಾನೆಯಲ್ಲಿ ಅವರು ಪರೀಕ್ಷೆ ಮಾಡಿ ಪಾಸು ಮಾಡಿದ ಸಾಮಾನಿನ ಮೇಲೆ ಒತ್ತುತ್ತಿದ್ದ ಸೀಲಿನಲ್ಲೂ ಅವರ ಹೆಸರಿರಲಿಲ್ಲ, ಏಳು ಎಂಬ ಅಂಕಿ ಮಾತ್ರ ಇತ್ತು. ಎದುರಿಗೆ ಅವರನ್ನು ಸಾರ್ ಎನ್ನುತ್ತಿದ್ದೆವು, ಹಿಂದುಗಡೆ ಏಳನೇ ನಂಬರು ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು. "ಏಳು ಒಳ್ಳೆ ನಂಬರ್ ಕಣ್ರೀ. ಯಾರಿಂದ್ಲೂ ಭಾಗ ಮಾಡಕ್ಕಾಗಲ್ಲ," ಎನ್ನುತ್ತಿದ್ದರು.

ನಮ್ಮದು ಪೀಣ್ಯದಲ್ಲಿ ನೀರಿನ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ. ನಾನು ಲೇತ್ ಓಡಿಸುತ್ತಿದ್ದೆ, ಬುಷ್ ಎಂಬ ಲೋಹದ ಬಳೆಗಳನ್ನು ಕಡೆಯುತ್ತಿದ್ದೆ. ನನ್ನ ಲೇತ್ ನಿಂತ ಜಾಗದಲ್ಲೇ ನಮ್ಮ ತಾತ ರಾಗಿ ಬಿತ್ತುತ್ತಿದ್ದರು ಎಂದು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದೆ. ನಮ್ಮ ಹೊಲ ಇದ್ದದ್ದು ನಿಜ, ಆದರೆ ಎರಡು ಗೇಟು ಆಚೆ. ಆ ಜಾಗದಲ್ಲಿ ಈಗ ಬಿಸ್ಕತ್ತಿನ ಡಬ್ಬ ಮಾಡುತ್ತಾರೆ. ಲೇತಿನ ಹತ್ತಿರಕ್ಕೆ ಹೊಲವನ್ನು ಎಳೆದು ತಂದದ್ದು ನಾನು. ಸುಳ್ಳಿನ ಅಭ್ಯಾಸ ಹೊಸದೇನಲ್ಲ ಎಂದು ತಿಳಿಯಲಿ ಅಂತ ಹೇಳಿದೆ.

ಸಾರ್ ನಮ್ಮ ಇನ್ಸ್‌ಪೆಕ್ಟರು. ಪೊಲೀಸಿನವರಲ್ಲ, ಸಾಮಾನಿನ ಅಳತೆ ನೋಡುವವರು. ಖಾಕಿ ಕೋಟು, ಕಿವಿಯ ಸಂದಿಯಲ್ಲಿ ಪೆನ್ಸಿಲು, ಎದೆಯ ಜೇಬಿನಲ್ಲಿ ವರ್ನಿಯರ್ ಎಂಬ ಉಕ್ಕಿನ ಅಳತೆಕಡ್ಡಿ. ಆ ಕಡ್ಡಿ ಕೂದಲೆಳೆಯ ದಪ್ಪವನ್ನೂ ಹೇಳುತ್ತದೆ. ಅವರು ಅದನ್ನು ಕ್ಯಾಂಟೀನಿಗೂ ತರುತ್ತಿದ್ದರು. ವಡೆಗೆ ಅಡ್ಡ ಹಿಡಿದು, "ಸೋಮವಾರಕ್ಕಿಂತ ನಾಲ್ಕು ಎಂಎಂ ಕಮ್ಮಿ ಕಣಪ್ಪ," ಎಂದು ಕ್ಯಾಂಟೀನಿನವನಿಗೆ ಹೇಳುತ್ತಿದ್ದರು. ಅವನು, "ಸಾರ್, ತೂತು ಅಷ್ಟೇ ಇದೆ ನೋಡಿ," ಎಂದು ಸಮಾಧಾನ ಮಾಡುತ್ತಿದ್ದ. ನನ್ನ ಮಗಳ ಮದುವೆಯ ಕರೆಯೋಲೆ ಕೊಟ್ಟಾಗ ಸಾರ್ ಅದನ್ನು ಬೆಳಕಿಗೆ ಹಿಡಿದರು, ಊದಿದರು, ತಿರುಗಿಸಿದರು. "ಎಡಗಡೆ ಅಂಚು ಜಾಸ್ತಿ ಬಿಟ್ಟಿದ್ದಾರೆ. ಹುಡುಗ ಓಕೆ," ಎಂದರು. ಹುಡುಗನನ್ನು ಅವರು ನೋಡಿರಲೇ ಇಲ್ಲ.

ಊದುವುದು ಅವರ ಅಭ್ಯಾಸ. ಸಾಮಾನಿನ ಮೇಲೆ ಲೋಹದ ಪುಡಿ ಇದ್ದರೆ ಅಳತೆ ತಪ್ಪುತ್ತದಲ್ಲ, ಅದಕ್ಕೆ ಏನನ್ನೇ ಕೈಗೆ ತೆಗೆದುಕೊಂಡರೂ ಮೊದಲು ಒಂದು ಸಲ ಊದುತ್ತಿದ್ದರು. ಪುಸ್ತಕ ತೆರೆಯುವ ಮುಂಚೆಯೂ ಊದುತ್ತಿದ್ದರು.

ಪುಸ್ತಕವೇ ಅವರ ಇನ್ನೊಂದು ಸಂಸಾರ. ಮೊದಲನೆಯದು ಇರಲೇ ಇಲ್ಲ. ಲಗ್ಗೆರೆಯಲ್ಲಿ ತಂಗಿಯ ಜೊತೆ ಇದ್ದರು. ನಮ್ಮ ಕಾರ್ಖಾನೆಯಲ್ಲಿ ಯಾವುದೇ ಸಾಮಾನು ಒಬ್ಬರಿಂದ ಒಬ್ಬರಿಗೆ ಹೋಗುವಾಗ ಅದರ ಜೊತೆ ಒಂದು ಜಾಬ್ ಕಾರ್ಡು ಹೋಗುತ್ತದೆ: ಮೊದಲ ಕೆಲಸ ಯಾರದು, ಎರಡನೆಯದು ಯಾರದು, ಕೊನೆಯಲ್ಲಿ ಇನ್ಸ್‌ಪೆಕ್ಷನ್. ಪ್ರತಿಯೊಬ್ಬರೂ ತಮ್ಮ ಕೆಲಸ ಮುಗಿದ ಮೇಲೆ ಸಹಿ ಹಾಕಬೇಕು. ಸಾರ್ ತಮ್ಮ ಎಲ್ಲ ಪುಸ್ತಕಗಳ ಒಳರಟ್ಟಿಗೂ ಅಂಥ ಒಂದು ಕಾರ್ಡು ಅಂಟಿಸಿದ್ದರು. ಹೊಸ ಪುಸ್ತಕ ತಂದರೆ ತಾವು ಮೊದಲು ಓದುತ್ತಿರಲಿಲ್ಲ, ನಮಗೆ ಕೊಡುತ್ತಿದ್ದರು. "ಇನ್ಸ್‌ಪೆಕ್ಷನ್ ಯಾವಾಗ್ಲೂ ಕೊನೇಲಿ," ಎನ್ನುತ್ತಿದ್ದರು. ಎಲ್ಲರೂ ಓದಿದ ಮೇಲೆ ತಾವು ಓದಿ ಷರಾ ಬರೆಯುತ್ತಿದ್ದರು. "ಕೊನೆಯ ಐವತ್ತು ಪುಟ ರೀವರ್ಕ್ ಆಗಬೇಕು." "ಗಂಡಸರೆಲ್ಲ ಅಳತೆಗಿಂತ ದೊಡ್ಡದು, ಹೆಂಗಸರು ಸರಿ ಇದ್ದಾರೆ." ಒಂದು ದಪ್ಪ ಪುಸ್ತಕಕ್ಕೆ ಬರೀ, "ತೂಕ ಓಕೆ."

ಶನಿವಾರ ಊಟದ ಬಿಡುವಿನಲ್ಲಿ ಸೈಕಲ್ ಸ್ಟ್ಯಾಂಡಿನ ಪಕ್ಕದ ಹೊಂಗೆ ಮರದ ಕೆಳಗೆ ಏಳೆಂಟು ಜನ ಮರದ ಪೆಟ್ಟಿಗೆ ಮಗುಚಿಕೊಂಡು ಕೂರುತ್ತಿದ್ದೆವು. ಸಾರ್ ಒಬ್ಬೊಬ್ಬರನ್ನೇ ಕೇಳುತ್ತಿದ್ದರು: "ಈಗ ಏನು ನಡೀತಿದೆ?"

ನಿಯಮ ಒಂದೇ. ಓದಿ ಮುಗಿಸಿದ ಪುಸ್ತಕದ ಬಗ್ಗೆ ಮಾತಾಡುವಂತಿಲ್ಲ. ಈಗ ಓದುತ್ತಿರುವುದು ಯಾವುದು, ಯಾವ ಪುಟದಲ್ಲಿದ್ದೀರಿ, ಅಲ್ಲಿ ಕೂತು ಏನನ್ನಿಸುತ್ತಿದೆ, ಅಷ್ಟು. "ಮುಗಿಸಿದ ಮೇಲೆ ಎಲ್ರೂ ಜಾಣ್ರೇ ಕಣ್ರೀ. ಮಧ್ಯದಲ್ಲಿದ್ದಾಗ ಮುಂದೇನಾಗುತ್ತೋ ಗೊತ್ತಿರಲ್ಲ ನೋಡಿ, ಆವಾಗ ಆಡೋ ಮಾತೇ ಮಾತು. ಮುಂದಿನದನ್ನ ಯಾರೂ ಹೇಳ್ಬಾರ್ದು. ಹಿಂದಿರೋನ ದಾರಿ ಕೆಡಿಸ್ಬಾರ್ದು."

ನಾನು ಅಲ್ಲಿ ಹೋಗಿ ಕೂತದ್ದು ನೆರಳಿಗೆ. ಮೊದಲ ಶನಿವಾರವೇ ಅವರು ನನ್ನ ಕಡೆ ತಿರುಗಿ, "ಗೌಡ್ರೇ, ಈಗ ಏನು ನಡೀತಿದೆ?" ಎಂದರು.

"ನಲವತ್ತು ಎಂಎಂ ಬುಷ್ ನಡೀತಿದೆ ಸಾರ್."

"ಅದು ನಿಮ್ಮ ಮೆಷಿನ್‌ದು. ನಿಮ್ಮದು?"

ಸುತ್ತ ಕೂತವರಲ್ಲಿ ಎಸ್ಸೆಸ್ಸೆಲ್ಸಿ ಮುಟ್ಟಿದವರು ಮೂವರೋ ನಾಲ್ವರೋ. ಪ್ಯಾಕಿಂಗಿನ ಜಯಮ್ಮ ನಾಲ್ಕನೇ ಕ್ಲಾಸು. ಅವರೆಲ್ಲ ಒಂದೊಂದು ಪುಟದ ನಂಬರು ಹೇಳಿಯಾಗಿತ್ತು. ಇದೇ ಊರಿನ ಮೂಲದವನು, ಹತ್ತು ಮನೆ ಬಾಡಿಗೆಗೆ ಕೊಟ್ಟವನು, ಎಸ್ಸೆಸ್ಸೆಲ್ಸಿ ಪಾಸಾದ ಗೌಡ, ಏನೂ ಓದುತ್ತಿಲ್ಲ ಎಂದು ಹೇಗೆ ಹೇಳಲಿ? "ಒಂದು ದಪ್ಪದ್ದು ಹುಡುಕ್ತಾ ಇದ್ದೆ ಸಾರ್. ಸಣ್ಣವು ನಂಗೆ ಹಿಡಿಯಲ್ಲ," ಎಂದುಬಿಟ್ಟೆ.

ಸೋಮವಾರ ಬೆಳಿಗ್ಗೆ ನನ್ನ ಲೇತಿನ ಮೇಲೆ ನಾನೂರು ಪುಟದ ಪುಸ್ತಕ ಕೂತಿತ್ತು. ಊದಿ ಇಟ್ಟಿದ್ದರು.

ಮನೆಯಲ್ಲಿ ನಮ್ಮವಳು ಆ ಪುಸ್ತಕವನ್ನು ನೋಡಿದ ತಕ್ಷಣ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಇಟ್ಟಳು. ಬೆಕ್ಕಿನ ಕಾಟ ಇತ್ತು. ಮೂರು ವಾರ ಆ ಪುಸ್ತಕ ಹಾಲು ಕಾಯಿತು. ನಾನು ಪ್ರತಿ ಶನಿವಾರ ಹೋಗಿ, "ನೂರಾ ಹತ್ತು ಸಾರ್," "ನೂರಾ ಎಂಬತ್ತು ಸಾರ್," ಎಂದು ಹೇಳುತ್ತಿದ್ದೆ. ಮುಂದಿನದು ಹೇಳುವಂತಿಲ್ಲ ಎಂಬ ನಿಯಮ ನನಗೋಸ್ಕರವೇ ಮಾಡಿದಂತಿತ್ತು. ಏನನ್ನಿಸುತ್ತಿದೆ ಎಂದರೆ ತಲೆ ಆಡಿಸಿ, "ಇನ್ನೂ ಏನೂ ಹೇಳಕ್ಕಾಗಲ್ಲ ಸಾರ್, ಬಹಳ ಆಳ ಇದೆ," ಎನ್ನುತ್ತಿದ್ದೆ. ಬಾವಿ ಕಂಡವನ ಹಾಗೆ.

ನಾಲ್ಕನೇ ಶನಿವಾರ ಅವರು ಪುಸ್ತಕ ತರಿಸಿಕೊಂಡು ಪಕ್ಕಕ್ಕೆ ಹಿಡಿದು ನೋಡಿದರು. "ಗೌಡ್ರೇ, ನಿಮ್ಮ ಕೈ ಬಹಳ ಸ್ವಚ್ಛ ಕಣ್ರೀ," ಎಂದರು, ಮೆಚ್ಚಿಕೊಂಡಂತೆ.

ನನಗೆ ಅರ್ಥವಾಗಲಿಲ್ಲ. ಆಮೇಲೆ ಬೇರೆಯವರ ಪುಸ್ತಕ ನೋಡಿದೆ, ಆಗ ತಿಳಿಯಿತು. ಬೀಡುಕಬ್ಬಿಣದ ಪುಡಿ ಮತ್ತು ಮೆಷಿನ್ ಎಣ್ಣೆ ಸೇರಿದರೆ ಆ ಕಪ್ಪು ಸೋಪಿಗೂ ಹೋಗುವುದಿಲ್ಲ, ಸೀಮೆಎಣ್ಣೆಗೂ ಹೋಗುವುದಿಲ್ಲ. ಪುಟ ತಿರುಗಿಸುವ ಹೆಬ್ಬೆರಳು ಪ್ರತಿ ಹಾಳೆಯ ಕೆಳಮೂಲೆಯಲ್ಲಿ ಒಂದು ಗುರುತು ಬಿಡುತ್ತದೆ. ನಮ್ಮವರು ಓದಿದ ಪುಸ್ತಕ ಪಕ್ಕದಿಂದ ನೋಡಿದರೆ ಎಲ್ಲಿಯವರೆಗೆ ಓದಿದ್ದಾರೋ ಅಲ್ಲಿಯವರೆಗೆ ಕಪ್ಪು, ಮುಂದೆ ಬಿಳಿ. ಪೆಟ್ರೋಲ್ ಟ್ಯಾಂಕಿನಲ್ಲಿ ಕಡ್ಡಿ ಅದ್ದಿ ನೋಡಿದ ಹಾಗೆ. ನನ್ನದು ಈ ಕಡೆಯಿಂದ ಆ ಕಡೆಯವರೆಗೆ ಮಲ್ಲಿಗೆ ಹೂವು.

ಅಂದು ಸಾಯಂಕಾಲ ಡಬ್ಬಿಯ ಮುಚ್ಚಳದಲ್ಲಿ ಒಂದಿಷ್ಟು ಬೀಡಿನ ಪುಡಿ, ಎಣ್ಣೆ ಕಲಸಿಕೊಂಡು ಮನೆಗೆ ಹೋದೆ. ಟಿವಿಯ ಮುಂದೆ ಕೂತೆ. ಕಣ್ಣು ಕ್ರಿಕೆಟ್ಟಿನ ಮೇಲೆ, ಹೆಬ್ಬೆರಳು ಪುಟದ ಮೇಲೆ. ಒತ್ತು, ತಿರುಗಿಸು. ಒತ್ತು, ತಿರುಗಿಸು.

ನಮ್ಮವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಓವರು ಮುಗಿಯುವವರೆಗೆ ನೋಡಿದಳು. "ಇದೇನ್ರೀ ಇಂಗೆ? ಪುಟಕ್ಕೊಂದು ಎಬ್ಬೆಟ್ಟು ಒತ್ತಾ ಇದ್ದೀರಾ? ಗಂಡು ಎಸ್ಸೆಸ್ಸೆಲ್ಸಿ, ಸೈನ್ ಆಕ್ತಾನೆ ಅಂತ ಏಳಿ ನಮ್ಮಪ್ಪ ನನ್ನ ಕೊಟ್ಟಿದ್ದು."

"ಸುಮ್ನಿರು. ಇದು ಕಂಪನಿ ಕೆಲಸ."

"ಅದ್ಯಾವ ಕಂಪನಿನೋ. ಓದಿದ್ರೆ ಇದಕ್ಕಿಂತ ಬ್ಯಾಗ ಮುಗೀತಿತ್ತು."

ಅವಳ ಮಾತು ನಿಜ. ಆದರೆ ಒಂದು ಸಲ ಒತ್ತಿದ ಮೇಲೆ ನನಗೆ ಅದರಲ್ಲೇ ಒಂದು ಹದ ಸಿಕ್ಕಿಬಿಟ್ಟಿತು. ಎರಡು ವರ್ಷದಲ್ಲಿ ಹನ್ನೊಂದು ಪುಸ್ತಕ ಹಾಗೆ ಮುಗಿಸಿದೆ. ಹನ್ನೊಂದು ಕಾರ್ಡಿನಲ್ಲೂ ಸಹಿ ಹಾಕಿದೆ. ಸಾರ್ ಹೊಸಬರಿಗೆ ನನ್ನನ್ನು ತೋರಿಸಿ, "ನೋಡಿ ಗೌಡ್ರನ್ನ. ಮನೆ, ಬಾಡಿಗೆ, ಮೊಮ್ಮಕ್ಕಳು, ಎಲ್ಲದರ ಮಧ್ಯೆ ಓದ್ತಾರೆ," ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನು ಎಲ್ಲರೂ ವಿನಯ ಎಂದುಕೊಂಡರು. ನಾನೂ ಸ್ವಲ್ಪ ಹಾಗೇ ಅಂದುಕೊಂಡೆ.

ಇಷ್ಟಕ್ಕೇ ನಿಂತಿದ್ದರೆ ನಗಬಹುದಾದ ಸಂಗತಿ. ಹನ್ನೊಂದನೆಯ ಪುಸ್ತಕ ನನ್ನ ನಂತರ ಜಯಮ್ಮನ ಕೈಗೆ ಹೋಯಿತು.

ಜಯಮ್ಮ ತುಮಕೂರು ಕಡೆಯವಳು. ಪ್ಯಾಕಿಂಗಿನಲ್ಲಿ ರಟ್ಟಿನ ಪೆಟ್ಟಿಗೆಗೆ ಪಟ್ಟಿ ಬಿಗಿಯುವ ಕೆಲಸ. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು, ತುಟಿ ಆಡಿಸುತ್ತ, ಅನ್ನ ಬೇಯುವಷ್ಟು ಹೊತ್ತಿನಲ್ಲಿ ಓದುತ್ತಿದ್ದಳು. ವಾರಕ್ಕೆ ನಾಲ್ಕು ಪುಟ. ಆದರೆ ಅವಳು ಬಾಯಿ ತೆರೆದರೆ ಹೊಂಗೆ ಮರದ ಕೆಳಗೆ ಡಬ್ಬಿಯ ಸದ್ದು ನಿಲ್ಲುತ್ತಿತ್ತು. ಆ ಪುಸ್ತಕದಲ್ಲಿ ಒಬ್ಬ ಹೆಂಗಸು ಮನೆಯಲ್ಲಿ ಜಗಳವಾಡಿಕೊಂಡು ಹೊಳೆಯ ದಂಡೆಗೆ ಬಂದಿರುತ್ತಾಳೆ. ಆಚೆ ದಡದಲ್ಲಿ ತವರು. ಜಯಮ್ಮ ಅದನ್ನು ಪಕ್ಕದ ಮನೆಯ ಸುದ್ದಿಯಂತೆ ಹೇಳುತ್ತಿದ್ದಳು.

"ಆ ಯಮ್ಮ ಇನ್ನೂ ದಂಡೇಲೇ ಕುಂತವ್ಳೆ ಸಾರ್. ದೋಣಿ ಬಂದಿಲ್ಲ. ಸೆರಗಲ್ಲಿ ನಾಕು ರೊಟ್ಟಿ ಕಟ್ಕಂಡವ್ಳೆ, ಒಂದು ತಿಂದ್ಲು. ನಂಗೆ ಈ ವಾರ ಪೂರ್ತಿ ಪಟ್ಟಿ ಬಿಗಿಯೋವಾಗ್ಲೂ ಅದೇ ಯೋಚ್ನೆ, ಇನ್ನು ಮೂರೇ ರೊಟ್ಟಿ ಐತಲ್ಲ ಅಂತ."

ಎಲ್ಲರೂ ಆ ರೊಟ್ಟಿಯ ಲೆಕ್ಕದಲ್ಲಿ ಮುಳುಗುತ್ತಿದ್ದರು. ಸಾರ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ನನ್ನ "ಬಹಳ ಆಳ ಇದೆ"ಗೆ ಯಾರೂ ಕಣ್ಣು ಮುಚ್ಚಿದ್ದಿಲ್ಲ. ಹೊಟ್ಟೆಕಿಚ್ಚು ಎಂಬ ಮಾತನ್ನು ಈಗ ಬರೆಯುತ್ತಿದ್ದೇನೆ, ಆಗ ಅದಕ್ಕೆ ಬೇರೆ ಹೆಸರಿಟ್ಟಿದ್ದೆ. ಹೆಂಗಸಿಗೆ ಸಲಿಗೆ ಜಾಸ್ತಿಯಾಯಿತು ಎಂದುಕೊಂಡಿದ್ದೆ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಒಂದು ಶನಿವಾರ ಜಯಮ್ಮ ಪೆಟ್ಟಿಗೆಯ ತುದಿಯಲ್ಲಿ ಕೂತು, "ಸಾರ್, ಈ ಪುಸ್ತಕ ಎಂಗೆ ಓದ್ಬೇಕು? ನೂರಾ ಅನ್ನೆರಡು ಆದ್ಮ್ಯಾಕೆ ನೂರಾ ಇಪ್ಪತ್ತೆಂಟು ಬತ್ತದೆ. ಅದೂ ತಲೆಕೆಳಗೆ," ಎಂದಳು.

ಸಾರ್ ಕಣ್ಣು ತೆರೆದರು. "ತಲೆಕೆಳಗೆ?"

ಆ ಪುಸ್ತಕ ಅವಳಿಗಿಂತ ಮೊದಲು ಓದಿದ್ದವನು ನಾನೊಬ್ಬನೇ. ಅಂಥದ್ದು ಇದ್ದರೆ ಮೊದಲು ಹೇಳಬೇಕಾಗಿದ್ದವನೂ ನಾನೇ. ಸಾರ್ ನನ್ನ ಕಡೆ ತಿರುಗುವ ಮುಂಚೆಯೇ ನನ್ನ ನಾಲಿಗೆ ಹೊರಟಿತ್ತು.

"ಜಯಮ್ಮ, ಪುಸ್ತಕ ಉಲ್ಟಾ ಅಲ್ಲ ಕಣಮ್ಮ, ನೀನು ಉಲ್ಟಾ ಇಡ್ಕೊಂಡಿದ್ದೀಯ. ಯಾವ ಕಡೆ ತಲೆ, ಯಾವ ಕಡೆ ಕಾಲು ಅಂತ ಹೇಳ್ಕೊಡೋದು ಐದನೇ ಕ್ಲಾಸಲ್ಲಿ. ನೀನು ನಾಲ್ಕಕ್ಕೇ ಬಿಟ್ಬಂದೆ."

ಎಲ್ಲರೂ ಹೋ ಎಂದು ನಕ್ಕರು.

"ಇಲ್ಲಣ್ಣ, ನಂಬರೂ ಇಂದುಮುಂದು..."

"ನಾನು ಮೊದಲಿಂದ ಕೊನೇವರ್ಗೂ ಓದಿ ಸಹಿ ಹಾಕಿದ್ದೀನಮ್ಮ. ಕಾರ್ಡ್ ನೋಡ್ಕೋ."

ಇನ್ನೂ ಜೋರಾಗಿ ನಕ್ಕರು. ಸಾರ್ ಕೂಡ ನಕ್ಕರು. ಸಣ್ಣ ನಗು, ಒಂದೇ ಸಲ. ನನ್ನ ಸಹಿಯ ಮೇಲೆ ಅವರಿಗೆ ಅಷ್ಟು ನಂಬಿಕೆ. ಜಯಮ್ಮ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಗಂಟೆ ಹೊಡೆಯಿತು.

ಮುಂದಿನ ಶನಿವಾರ ಅವಳ ಪೆಟ್ಟಿಗೆ ಖಾಲಿ. ಪುಸ್ತಕ ಮಾತ್ರ ಪ್ಯಾಕಿಂಗ್ ಸೂಪರ್‌ವೈಸರ್ ಕೈಯಲ್ಲಿ ಬಂದಿತ್ತು. ಪೇಪರಿನಲ್ಲಿ ಸುತ್ತಿ, ಪಟ್ಟಿ ಬಿಗಿದು ಕಳಿಸಿದ್ದಳು, ರವಾನೆಯ ಸಾಮಾನಿನಂತೆ.

ಸೋಮವಾರ ಸಾರ್ ನನ್ನ ಲೇತಿನ ಹತ್ತಿರ ಬಂದರು. "ಗೌಡ್ರೇ, ಮೆಷಿನ್ ಆಫ್ ಮಾಡಿ."

ಆಫ್ ಮಾಡಿದೆ. ಅವರು ಒಂದು ಶುಭ್ರ ಬಟ್ಟೆ ಹಾಸಿ ಅದರ ಮೇಲೆ ಪುಸ್ತಕ ಇಟ್ಟರು, ಊದಿದರು, ನೂರಾಹನ್ನೆರಡರ ಮುಂದಕ್ಕೆ ತೆರೆದರು. ಬೈಂಡಿಂಗ್ ಮಾಡಿದವನು ಎಂಟು ಹಾಳೆಗಳನ್ನು ತಲೆಕೆಳಗೆ ಮಾಡಿ ಹೊಲಿದಿದ್ದ.

"ನಿಮ್ಮ ಹೆಬ್ಬೆಟ್ಟು ಎಲ್ಲಿದೆ ಹೇಳಿ."

"ಕೆಳಗಡೆ ಮೂಲೇಲಿ ಸಾರ್."

"ಪುಸ್ತಕಕ್ಕೆ ಕೆಳಗಡೆ. ಅಕ್ಷರಕ್ಕೆ?"

ಬಗ್ಗಿ ನೋಡಿದೆ. "ತಲೆ ಮೇಲೆ ಸಾರ್."

"ಓದೋನು ಇಲ್ಲಿಗೆ ಬಂದ್ರೆ ಪುಸ್ತಕ ತಿರುಗಿಸಿ ಹಿಡೀತಾನೆ. ಆವಾಗ ಗುರುತು ಆ ತುದೀಲಿ ಬೀಳ್ಬೇಕು. ಎಂಟು ಹಾಳೆ, ಎಂಟು ಹೆಬ್ಬೆಟ್ಟು, ಎಂಟೂ ತಲೆ ಮೇಲೆ. ನೀವೇನು ಶೀರ್ಷಾಸನ ಹಾಕಿ ಓದ್ತೀರಾ?"

ಅವರು ವರ್ನಿಯರ್ ತೆಗೆದು ಅಂಚಿನಿಂದ ಹೆಬ್ಬೆಟ್ಟಿನವರೆಗೆ ಅಳೆದರು. ಇನ್ನೊಂದು ಪುಟ ಅಳೆದರು. ಇನ್ನೊಂದು.

"ಹನ್ನೆರಡು ಎಂಎಂ. ಹನ್ನೆರಡು. ಹನ್ನೆರಡು. ಓದೋನ ಕೈ ಹೀಗಿರಲ್ಲ ಗೌಡ್ರೇ. ಕಥೆ ಬಿಗಿಯಾದ ಕಡೆ ಗಟ್ಟಿ ಹಿಡಿದಿರ್ತಾನೆ, ಬೇಜಾರಾದ ಕಡೆ ಜಾರಿರುತ್ತೆ. ಇದು ಅಚ್ಚಿನ ಡೈ ಹಾಕಿ ಒತ್ತಿದ ಹಾಗಿದೆ." ಪುಸ್ತಕ ಮುಚ್ಚಿ, "ನೀವು ಮಾಡಿದ ಬುಷ್ಷು ಒಂದು ದಿನವೂ ಇಷ್ಟು ಒಂದೇ ಸಮ ಬಂದಿಲ್ಲ," ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಅವರು ವರ್ನಿಯರನ್ನು ಜೇಬಿಗೆ ಹಾಕಿಕೊಳ್ಳಲು ಹೋಗಿ ಎರಡು ಸಲ ಜೇಬು ತಪ್ಪಿಸಿದರು. "ಅಳತೆ ನೋಡದೆ, ಬರೀ ಸಹಿ ನೋಡಿ ಪಾಸ್ ಮಾಡಿದ್ದು ನನ್ನ ಸರ್ವೀಸಲ್ಲಿ ಇದೊಂದೇ. ಒಂದು ಹೆಣ್ಣುಮಗಳು ಇದ್ದದ್ದನ್ನ ಇದ್ದ ಹಾಗೆ ಹೇಳಿದ್ಲು, ನಾನು ನಕ್ಕೆ. ನನ್ನ ನಗುವಿಗೆ ನಾನು ಹೋಗಿ ತಪ್ಪಾಯ್ತು ಅಂತ ಹೇಳಿ ಬಂದೆ. ನಿಮ್ಮದು ನಿಮಗೇ ಬಿಟ್ಟಿದ್ದೀನಿ."

"ನೀವೇ ಒಂದು ಮಾತು ಹೇಳ್ಬಿಡಿ ಸಾರ್."

"ನಾನು ಹೇಳಿದ್ರೆ ಅದು ಇನ್ಸ್‌ಪೆಕ್ಷನ್. ನೀವು ಹೇಳಿದ್ರೆ ರೀವರ್ಕ್."

ಕೋಟಿನ ಜೇಬಿನಿಂದ ಒಂದು ಚೀಟಿ ತೆಗೆದರು. ನಮ್ಮಲ್ಲಿ ಸರಿ ಇದ್ದ ಸಾಮಾನಿಗೆ ಹಸಿರು ಚೀಟಿ, ಬಿಸಾಡುವುದಕ್ಕೆ ಕೆಂಪು, ರೀವರ್ಕ್ ಮಾಡಿ ತಿದ್ದಿದರೆ ಸರಿಹೋಗುವುದಕ್ಕೆ ಹಳದಿ. ಅವರು ಹಳದಿ ಚೀಟಿಯನ್ನು ನನ್ನ ಊಟದ ಚೀಲದ ಹಿಡಿಗೆ ದಾರ ಹಾಕಿ ಕಟ್ಟಿದರು. "ಕೆಂಪಲ್ಲ ನೋಡಿ," ಎಂದು ಹೋದರು. ಯಾರಿಗೂ ಹೇಳಲಿಲ್ಲ. ಕೊನೆಯವರೆಗೂ ಹೇಳಲಿಲ್ಲ.

ನಾನು ಜಯಮ್ಮನಿಗೆ ಹೇಳಿದೆನೇ? ಇಲ್ಲ. ಅವಳು ಪ್ಯಾಕಿಂಗಿನ ಬಾಗಿಲಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದಳು. ಇವತ್ತು ಬೇಡ, ಸಿಟ್ಟಿನಲ್ಲಿದ್ದಾಳೆ ಎಂದುಕೊಳ್ಳುತ್ತಿದ್ದೆ. ನಗುನಗುತ್ತಿದ್ದರೆ, ಈಗ ಯಾಕೆ ಹಳೆಯದು ಕೆದಕಲಿ ಎಂದುಕೊಳ್ಳುತ್ತಿದ್ದೆ. ಆರು ತಿಂಗಳಿಗೆ ಅವಳು ಕೆಲಸ ಬಿಟ್ಟು ಮಾದನಾಯಕನಹಳ್ಳಿಯ ಒಂದು ಗೋದಾಮಿಗೆ ಸೇರಿದಳು. ಅಷ್ಟು ದೂರ ಯಾರು ಹೋಗುತ್ತಾರೆ ಎಂಬ ಹೊಸ ಕಾರಣ ಸಿಕ್ಕಿತು. ದಾಸರಹಳ್ಳಿಯಲ್ಲಿ ಹತ್ತಿದರೆ ಒಂದೇ ಬಸ್ಸು. ಕೂರಲು ಸೀಟೂ ಸಿಗುತ್ತದೆ.

ಸಾರ್ ನಿವೃತ್ತರಾದರು, ಎರಡು ವರ್ಷಕ್ಕೆ ನಾನೂ ಆದೆ. ಎಲ್ಲೇ ಸಿಕ್ಕರೂ ಅವರದು ಎರಡೇ ಪ್ರಶ್ನೆ. "ಈಗ ಏನು ನಡೀತಿದೆ?" ಅದಕ್ಕೆ ನಾನು ಏನೋ ತೊದಲಿದ ಮೇಲೆ, "ಹಳದಿ?" ಎನ್ನುತ್ತಿದ್ದರು, ನೆಂಟರ ಆರೋಗ್ಯ ವಿಚಾರಿಸುವ ಹಾಗೆ. ಒಂದು ಸಲ ದಾಸರಹಳ್ಳಿ ತರಕಾರಿ ಅಂಗಡಿಯಲ್ಲಿ ಅವರು ಬರುತ್ತಿರುವುದನ್ನು ನೋಡಿ ನುಗ್ಗೆಕಾಯಿ ರಾಶಿಯ ಹಿಂದೆ ಬಗ್ಗಿ ಕೂತೆ. ಅಂಗಡಿಯವಳು, "ಏನ್ ಹುಡುಕ್ತಾ ಇದ್ದೀಯ ಅಣ್ಣ, ಕೆಳಗೆ ಬರೀ ಕೊಳ್ತಿದ್ದು," ಎಂದು ಕೂಗಿದಳು. ಸಾರ್ ರಾಶಿಯ ಆಚೆ ಕಡೆಯಿಂದ ಒಂದು ನುಗ್ಗೆಕಾಯಿ ಎತ್ತಿ ಉದ್ದ ನೋಡಿದರು. "ಗೌಡ್ರೇ," ಎಂದರು ಕಾಯಿಗೆ ಹೇಳಿದ ಹಾಗೆ, "ಮಂಡಿ ನೋವು ಬರುತ್ತೆ, ಎದ್ದೇಳಿ." ಅಂದು ಹಳದಿಯ ವಿಷಯ ಕೇಳಲಿಲ್ಲ. ಕೇಳದೆ ಹೋದದ್ದು ಕೇಳಿದ್ದಕ್ಕಿಂತ ಕಷ್ಟವಾಯಿತು.

ಹೋದ ಆಷಾಢದ ಮೊದಲ ವಾರ ಅವರಿಗೆ ಮೈ ಸರಿ ಇಲ್ಲ ಎಂದು ತಂಗಿ ಫೋನು ಮಾಡಿದರು. ಲಗ್ಗೆರೆಗೆ ಹೋದೆ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಸುತ್ತ ಪುಸ್ತಕ. ಎಲ್ಲ ಕಪ್ಪು ಅಂಚಿನವು. ಕೋಣೆಯಲ್ಲಿ ನಮ್ಮ ಕಾರ್ಖಾನೆಯ ಎಣ್ಣೆಯ ವಾಸನೆ ಸಣ್ಣಗೆ ಇತ್ತು. ನಿವೃತ್ತಿಯ ಮೇಲೂ ಖಾಕಿ ಕೋಟು ಹಾಕುತ್ತಿದ್ದ ಅವರನ್ನು ಕೋಟಿಲ್ಲದೆ ನಾನು ಅದೇ ಮೊದಲು ನೋಡಿದ್ದು. ಅಂಗಿಯ ಜೇಬಿನಲ್ಲಿ ವರ್ನಿಯರ್ ಮಾತ್ರ ಇತ್ತು.

"ಈಗ ಏನು ನಡೀತಿದೆ?"

"ಏನೂ ನಡೀತಿಲ್ಲ ಸಾರ್," ಎಂದೆ. ಅಷ್ಟು ಹೇಳಿದ ಮೇಲೆ ಉಳಿದದ್ದು ತಾನೇ ಬಂತು. "ಯಾವತ್ತೂ ನಡೀಲೇ ಇಲ್ಲ. ನಿಮ್ಮ ಹನ್ನೊಂದು ಪುಸ್ತಕದಲ್ಲಿ ನಾನು ಒಂದೂ ಓದಿಲ್ಲ."

ಅವರು ಗೋಡೆ ಬಿಟ್ಟು ಮುಂದಕ್ಕೆ ಬಾಗಿದರು. "ಹನ್ನೊಂದೂನಾ?" ಎಂದರು. "ನಾನು ಒಂದೇ ಅನ್ಕೊಂಡಿದ್ನಲ್ರೀ!"

ಆಮೇಲೆ ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೆ ನಕ್ಕರು, ಕೆಮ್ಮಿ ಮತ್ತೆ ನಕ್ಕರು. ತಂಗಿ ನೀರು ಹಿಡಿದು ಓಡಿಬಂದರು. "ಹನ್ನೊಂದು! ನನ್ನ ಅಳತೆಯೇ ತಪ್ಪಿತ್ತು. ಅದರಲ್ಲಿ ಒಂದಕ್ಕೆ ನೀವು ಕಣ್ಣೀರು ಬಂತು ಅಂದಿದ್ರಿ ಗೌಡ್ರೇ."

"ಎಣ್ಣೆ ಕಣ್ಣಿಗೆ ಹತ್ತಿತ್ತು ಸಾರ್."

ನಗು ಮುಗಿದ ಮೇಲೆ ದಿಂಬಿನ ಪಕ್ಕದಿಂದ ಒಂದು ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟರು. ನೋಡಿದ ಕೂಡಲೇ ಗುರುತು ಹತ್ತಿತು. ಎಂಟು ಹಾಳೆ ತಲೆಕೆಳಗಾದದ್ದು. "ಇದನ್ನ ಜಯಮ್ಮಂಗೆ ತಲುಪಿಸಿ. ಆಕೆ ಮುಗಿಸಿದ ಮೇಲೆ ನನಗೆ ಕೊಡಿ. ನಾನಿನ್ನೂ ಓದಿಲ್ಲ."

"ಒಂಬತ್ತು ವರ್ಷದಿಂದ ಇಲ್ಲೇ ಇದೆಯಲ್ಲ ಸಾರ್?"

"ಎರಡನೇ ಕೆಲಸ ಮುಗೀದೆ ಇನ್ಸ್‌ಪೆಕ್ಷನ್ ಹೇಗ್ರೀ ಮಾಡ್ಲಿ?" ಎಂದರು. ಇಷ್ಟು ವರ್ಷವಾದರೂ ನನಗೆ ಗೊತ್ತಿಲ್ಲವಲ್ಲ ಎಂದು ಆಶ್ಚರ್ಯಪಟ್ಟಂತೆ.

ಪುಸ್ತಕ ಮನೆಗೆ ತಂದು ಟಿವಿಯ ಮೇಲಿಟ್ಟೆ. ಶನಿವಾರ ಹೋಗೋಣ ಎಂದುಕೊಂಡೆ. ಶನಿವಾರ ಬಾಡಿಗೆ ಮನೆಯ ನಲ್ಲಿ ಸೋರುತ್ತಿತ್ತು. ಮುಂದಿನ ಶನಿವಾರ ಎಂದುಕೊಂಡೆ. ನಡುವೆ ಬುಧವಾರ ಅವರು ತೀರಿಕೊಂಡರು. ಇದನ್ನು ಎಷ್ಟು ವಿಧದಲ್ಲಿ ಬರೆದರೂ ಇಷ್ಟೇ.

ಹದಿಮೂರನೆಯ ದಿನದ ಊಟ ಮುಗಿಸಿ ಬಂದ ಮೇಲೆ ನಮ್ಮವಳು ಪುಸ್ತಕ ಕೈಗೆತ್ತಿಕೊಂಡಳು. "ಇದನ್ನ ಕೊಟ್ಟು ಬರ್ತೀರಾ, ಆಲಿನ ಮೇಲೆ ಇಡ್ಲಾ?" ಅಂದು ನಾನು ಚಪ್ಪಲಿ ಬಿಡಲಿಲ್ಲ. ಅದೇ ಕಾಲಿನಲ್ಲಿ ಬಸ್ಸು ಹತ್ತಿದೆ.

ಗೋದಾಮಿನ ಗೇಟಿನ ಹತ್ತಿರ ಟೀ ಅಂಗಡಿ. ಜಯಮ್ಮ ಹೊರಗೆ ಬಂದು ನನ್ನನ್ನು ನೋಡಿ ನಿಂತಳು. ತಲೆ ಅರ್ಧ ನೆರೆತಿತ್ತು. ಸಾರ್ ಹೋದ ಸುದ್ದಿ ಹೇಳಿದೆ. ಅವಳು ಕಲ್ಲುಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. "ದೊಡ್ಡ ಮನುಷ್ಯ. ಪ್ಯಾಕಿಂಗಿಗೇ ಬಂದು ನನ್ನ ಕೇಳ್ಕಂಡ್ರು, ತಪ್ಪಾಯ್ತು ಕಣಮ್ಮ ಅಂತ."

ನಾನು ಪುಸ್ತಕ ತೆಗೆದು ಅವಳ ಪಕ್ಕದಲ್ಲಿಟ್ಟೆ. ಊದಲು ಮರೆತೆ. "ಜಯಮ್ಮ, ನಾನೂ ಕೇಳ್ಕೊಳಕ್ಕೇ ಬಂದಿದ್ದು. ಆವತ್ತು ನೀನು ಹೇಳಿದ್ದು ಸರಿ. ನಾನು ಈ ಪುಸ್ತಕ ಓದೇ ಇರ್ಲಿಲ್ಲ. ಎಣ್ಣೆ ಹಚ್ಚಿ ಪುಟಪುಟಕ್ಕೂ ಹೆಬ್ಬೆಟ್ಟು ಒತ್ತಿದ್ದೆ."

ಅವಳು ಅಳು ನಿಲ್ಲಿಸಿದಳು. "ಓದೇ ಇರ್ಲಿಲ್ವಾ?"

"ಒಂದಕ್ಷರ ಇಲ್ಲ."

"ಅಯ್ಯೋ ನಿಮ್ಮ! ನಾನು ಏನ್ ಅನ್ಕಂಡಿದ್ದೆ ಗೊತ್ತಾ? ಈವಯ್ಯ ಓದವ್ರೆ, ಉಲ್ಟಾ ಐತೆ ಅಂತ ಗೊತ್ತು, ಗೊತ್ತಿದ್ದೂ ಬೇಕಂತ ನನ್ನ ಎಲ್ರ ಮುಂದೆ ಇಂಗೆ ಮಾಡುದ್ರು ಅಂತ. ಒಂಬತ್ತು ವರ್ಷ ಬೈಕಂಡೀವ್ನಿ ಅಣ್ಣ ನಿಮ್ಮನ್ನ, ದೊಡ್ಡ ಓದಿದ ಮನುಷ್ಯ ಅನ್ಕಂಡು. ಎಬ್ಬೆಟ್ಟಾ ನೀವು!" ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಳು. ಟೀ ಅಂಗಡಿಯವನು ತಿರುಗಿ ನೋಡಿದ. ನೋಡಲಿ ಎಂದುಕೊಂಡೆ. ಅಷ್ಟು ಜನರ ಮುಂದೆ ಅವಳನ್ನು ನಗೆಪಾಟಲು ಮಾಡಿದವನು ಒಬ್ಬ ಟೀಯವನ ಮುಂದೆ ನಗೆಪಾಟಲಾಗಲಾರೆನೇ?

ನಕ್ಕು ಮುಗಿದ ಮೇಲೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ನೂರಾಹನ್ನೆರಡಕ್ಕೆ ನೇರವಾಗಿ ತೆರೆದಳು. ಹುಡುಕಲೇ ಇಲ್ಲ.

"ಅದ್ಸರಿ, ದೋಣಿ ಬಂತಾ ಅಣ್ಣ?"

"ನಂಗೇನಮ್ಮ ಗೊತ್ತು?"

"ಊಂ. ನಿಮ್ಗೇನು ಗೊತ್ತು." ಪುಟದ ಮೇಲೆ ಬೆರಳಿಟ್ಟಳು. "ಒಂಬತ್ತು ವರ್ಷದಿಂದ ಆ ಯಮ್ಮನ್ನ ದಂಡೇಲೇ ಬಿಟ್ಬಂದಿದ್ದೆ."

ನಾನು ಜೇಬಿನಿಂದ ಪೆನ್ನು ತೆಗೆದು, ಒಳರಟ್ಟಿನ ಕಾರ್ಡಿನಲ್ಲಿ ಮೊದಲ ಸಾಲಿನ ನನ್ನ ಸಹಿ ಹೊಡೆದು ಹಾಕಿದೆ. ಮೊದಲು ನಾನು ಓದಿ ತಂದುಕೊಡುತ್ತೇನೆ, ಅದು ಸರಿಯಾದ ಕ್ರಮ ಎಂದೆ. ಅವಳು ಪುಸ್ತಕ ಎದೆಗೆ ಒತ್ತಿಕೊಂಡಳು.

"ಆಗಕ್ಕಿಲ್ಲ. ಮೊದ್ಲು ನಾನು ಮುಗಿಸ್ತೀನಿ. ಆಮ್ಯಾಕೆ ನೀವು. ಆ ಉಲ್ಟಾ ಪುಟದಲ್ಲಿ ನಿಮ್ಮ ಎಬ್ಬೆಟ್ಟು ಎಲ್ಲಿ ಬೀಳ್ತದೆ ನಾನೇ ನೋಡ್ತೀನಿ. ಅಲ್ಲೀಗಂಟ ಕಾಯ್ರಿ."

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಇನ್ನೂರ ಇಪ್ಪತ್ತೆಂಟು ಪುಟ ಉಳಿದಿದೆ, ವಾರಕ್ಕೆ ನಾಲ್ಕು. ಒಂದು ವರ್ಷ ಒಂದು ತಿಂಗಳು. ನನಗೀಗ ಅರವತ್ತೈದು ದಾಟಿದೆ, ಸಕ್ಕರೆ ಇದೆ, ಮಂಡಿ ನೋವಿದೆ. ಸಾಯುವಂತಿಲ್ಲ. ಹಳದಿ ಚೀಟಿ ಇನ್ನೂ ಆ ಹಳೆಯ ಊಟದ ಚೀಲಕ್ಕೇ ಇದೆ. ಬಿಚ್ಚುವವರು ಇಲ್ಲ. ನಾನಾಗಿ ಬಿಚ್ಚುವುದು ನಿಯಮವಲ್ಲ.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬಂತು. ಎತ್ತಿದ ಕೂಡಲೇ ನಾನೇ ಕೇಳಿದೆ, "ಈಗ ಏನು ನಡೀತಿದೆ, ಜಯಮ್ಮ?"

"ನೂರಾ ಅದಿನಾರು ಅಣ್ಣ. ಪುಸ್ತಕ ತಿರುಗಿಸ್ಕಂಡು ಓದ್ತಾ ಇವ್ನಿ." ಹಿಂದೆ ಯಾವುದೋ ಲಾರಿ ಹಿಮ್ಮುಖವಾಗಿ ಬರುತ್ತಿರುವ ಸದ್ದು. "ಮುಂದಿಂದು ಹೇಳ್ಬಾರ್ದು ಅಂತ ಸಾರ್ ರೂಲು. ಆದ್ರೂ ಒಂದು ಹೇಳ್ತೀನಿ. ದೋಣಿ ಬಂತು."

"ಹತ್ತಿದ್ಲಾ?"

"ಅದು ಹೇಳಕ್ಕಿಲ್ಲ," ಎಂದು ಫೋನಿಟ್ಟಳು.